ಮೈಕಿನ ರಾಜಾರಾಮ ಮತ್ತು ಭಂಡಾರ ತಿಂದ ಪೆಟ್ಟಿಗೆ

ನಿಪ್ಪಾಣಿಯಲ್ಲಿ ಯಾವ ಮೋರ್ಚಾ ಹೊರಟರೂ ಮುಂದೆ ಬಾವುಟ, ಹಿಂದೆ ಪೊಲೀಸರು, ನಡುವೆ ಸೈಕಲ್ಲಿಗೆ ಬ್ಯಾಟರಿ ಕಟ್ಟಿಕೊಂಡ ರಾಜಾರಾಮ. ತಂಬಾಕಿನ ವಖಾರಿಯಲ್ಲಿ, ಅಂದರೆ ಗೋದಾಮಿನಲ್ಲಿ, ದುಡಿಯುವ ಹೆಣ್ಣುಮಕ್ಕಳು ಕೂಲಿ ಹೆಚ್ಚಿಸಿರಿ ಅಂತ ರಸ್ತೆಯಲ್ಲಿ ಕೂತ ಕಾಲದಿಂದ ಅವನದು ಇದೇ ಕಸುಬು. ಭಾಷಣ ನಮ್ಮದು, ದನಿ ಅವನದು. ನಮ್ಮ ಜೊತೆ ಧೂಳು ತಿಂದವರಲ್ಲಿ ಕೆಲವರು ಮುಖಂಡರಾದರು, ಮುಖಂಡರಾದವರು ಆ ಪಕ್ಷ ಈ ಪಕ್ಷದ ಅಂಗಳದಲ್ಲಿ ಚಪ್ಪಲಿ ಬಿಟ್ಟರು, ಬಿಟ್ಟ ಚಪ್ಪಲಿ ತಿರುಗಿ ಸಿಗದೆ ಅಲ್ಲೇ ಉಳಿದರು. ರಾಜಾರಾಮ ಮಾತ್ರ ಮೈಕಿನವನಾಗಿಯೇ ಇದ್ದ. ಅವನಿಗೆ ತತ್ವ ಇರಲಿಲ್ಲ ಅಂತ ಯಾರೂ ಅನ್ನಬಾರದು. ಒಂದಿತ್ತು, ಗಟ್ಟಿಯಾಗಿತ್ತು: ಪಿನ್ನು ಒಳಗೆ ಹೋಯಿತೆಂದರೆ ಕೂಡಿತು.

ಈ ತತ್ವದಿಂದ ನಾವು ಅನುಭವಿಸಿದ್ದು ಕಡಿಮೆಯಲ್ಲ. ಕಾಗವಾಡದ ಸಭೆಯಲ್ಲಿ ಕರೆಂಟು ಹೋದಾಗ ಟ್ರ್ಯಾಕ್ಟರಿನಿಂದ ವೈರು ಎಳೆದು ಮೈಕಿಗೆ ಕೊಟ್ಟ. ಮೈಕೇನೋ ಬಂತು. ಆದರೆ ಭಾಷಣಕಾರರು ದನಿ ಏರಿಸಿ ‘ಬಾಂಧವರೇ’ ಅಂದಾಗೆಲ್ಲ ಟ್ರ್ಯಾಕ್ಟರಿನ ಹಾರ್ನು ಹೊಡೆಯತೊಡಗಿತು. ಮಂದಿ ಚಪ್ಪಾಳೆ ತಟ್ಟಿದ್ದು ಹಾರ್ನಿಗೆ. ರಾಯಬಾಗದಲ್ಲಿ ಹಿಟ್ಟಿನ ಗಿರಣಿಯಿಂದ ಲೈನು ತಂದಿದ್ದ. ಗಿರಣಿಗೆ ಜೋಳ ಬಿದ್ದಾಗೊಮ್ಮೆ ನಮ್ಮ ಅಧ್ಯಕ್ಷರ ದನಿ ಮನುಷ್ಯರದಿಂದ ಎಮ್ಮೆಯದಕ್ಕೆ ಇಳಿಯುತ್ತಿತ್ತು. ಬೈದರೆ ಅವನಿಗೆ ಬೇಜಾರಿಲ್ಲ. ಕೇಳಿಸಿತೋ ಇಲ್ಲೋ ಅಷ್ಟು ಹೇಳ್ರಿ, ಅಂತ ಒಂದೇ ಪ್ರಶ್ನೆ.

ಈಗ ಮೋರ್ಚಾಗಳು ಮೊಬೈಲಿನಲ್ಲೇ ಹೊರಟು ಮೊಬೈಲಿನಲ್ಲೇ ಮುಗಿಯುತ್ತವೆ. ಬ್ಯಾಟರಿ ಹೊರುವವರು ಬೇಡ. ರಾಜಾರಾಮ ಹಳೇ ಬಸ್ ಸ್ಟ್ಯಾಂಡಿನ ಹತ್ತಿರ ಅಂಗಡಿ ಇಟ್ಟಿದ್ದಾನೆ. ಬೋರ್ಡಿನ ಮೇಲೆ ಕನ್ನಡದಲ್ಲೂ ಮರಾಠಿಯಲ್ಲೂ ಏನಿದ್ದರೂ ಜೋಡಿಸಿ ಕೊಡಲಾಗುವುದು ಅಂತ ಬರೆಸಿದ್ದಾನೆ. ಒಳಗೆ ಕಾಲಿಡಲು ಜಾಗವಿಲ್ಲ. ಮುಚ್ಚಿದ ಕಚೇರಿ, ಮುಳುಗಿದ ಸೊಸೈಟಿಗಳ ಹರಾಜಿನಲ್ಲಿ ತಂದ ಕಂಪ್ಯೂಟರುಗಳು ಕಡಬಿನ ಹಾಗೆ ಒಂದರ ಮೇಲೊಂದು ಕೂತಿವೆ. ಗಿರಾಕಿ ಏನು ತಂದರೂ ಅವನು ಆಗೂದಿಲ್ಲ ಅನ್ನುವುದಿಲ್ಲ. ನೋಡೋಣು ಅನ್ನುತ್ತಾನೆ. ಅವನ ಹೆಂಡತಿಯ ಪ್ರಕಾರ ಅರ್ಧ ನಿಪ್ಪಾಣಿಯ ಸಾಮಾನು ಈ ನೋಡೋಣುವಿನ ಕೆಳಗೆ ಹೂತುಹೋಗಿದೆ.

ಹೋಳಿ ಹುಣ್ಣಿಮೆ ಕಳೆದ ಮೇಲೆ ಈ ಅಂಗಡಿಗೆ ಸುಂದರಾಬಾಯಿ ಬಂದಳು.

ಸುಂದರಾಬಾಯಿ ಅಂದರೆ ವಖಾರಿಯಲ್ಲಿ ತಂಬಾಕು ಜಾಡಿಸಿ ಮಗಳನ್ನು ಓದಿಸಿದ ಹೆಂಗಸು. ಮುಷ್ಕರದ ದಿನಗಳಲ್ಲಿ ನಮ್ಮ ಭಾಷಣದ ಹಿಟ್ಟು ಮುಗಿದು ಜನ ಎದ್ದು ಹೋಗುವ ಹೊತ್ತಿಗೆ ಈಕೆಯ ಕೈಗೆ ಮೈಕು ಕೊಡುತ್ತಿದ್ದೆವು. ಎದ್ದವರು ಮತ್ತೆ ಕೂರುತ್ತಿದ್ದರು. ಹಾಡು ಆಕೆಯೇ ಕಟ್ಟಿದ್ದು, ಅರ್ಧ ಕನ್ನಡ, ಅರ್ಧ ಮರಾಠಿ. ಬಾಬಾಸಾಹೇಬರ ಜಯಂತಿ ಬಂತೆಂದರೆ ಅವರ ಓಣಿಯಲ್ಲಿ ಅವಳದೇ ದನಿ. ಒಂದು ಕ್ಯಾಸೆಟ್ಟೂ ಆಗಿತ್ತು. ಪಾಲಬಾವಿಯ ಕುರುಬರ ಕಾಮಣ್ಣ ತನ್ನ ಮನೆಯ ಪಡಸಾಲೆಯಲ್ಲೇ ಸ್ಟುಡಿಯೋ ಮಾಡಿಕೊಂಡು ಅದನ್ನು ತುಂಬಿಸಿದ್ದ. ಕ್ಯಾಸೆಟ್ಟು ಊರೂರಿಗೆ ಹೋಯಿತು, ಆಮೇಲೆ ಕ್ಯಾಸೆಟ್ಟಿನ ಕಾಲವೇ ಹೋಯಿತು. ಮನೆಯಲ್ಲಿ ಉಳಿದಿದ್ದ ಒಂದಕ್ಕೆ ಬೂಸ್ಟು ಹತ್ತಿತು. ಅದರ ಹಿಂದೆಯೇ ಗಂಟಲೂ ಹೋಯಿತು. ತಂಬಾಕಿನ ಧೂಳು ಸುಮ್ಮನೆ ಬಿಡುವ ಜಾತಿಯದಲ್ಲ. ಆಪರೇಷನ್ ಆದ ಮೇಲೆ ಆಕೆ ಮಾತಾಡಿದರೆ ಮರಳಿನ ಮೇಲೆ ತಗಡು ಎಳೆದ ಹಾಗೆ. ಹಾಡು ದೂರದ ಮಾತು.

ಅದನ್ನು ಆಕೆ ಹೇಗೋ ನುಂಗಿಕೊಂಡಿದ್ದಳು. ನುಂಗಲಾಗದ್ದು ಬೇರೆ. ಈ ಸಲದ ಜಯಂತಿ ಮಂಡಳದ ಅಧ್ಯಕ್ಷ ಲಖನ, ಆಕೆಯ ಓಣಿಯ ಹುಡುಗ, ಈಗ ಫೈನಾನ್ಸ್ ಕಂಪನಿಯಲ್ಲಿ ನೌಕರಿ. ಕೊಲ್ಹಾಪುರದಿಂದ ಡಿಜೆ ತರಿಸುವ ಮಾತಾಡುತ್ತ ಯಾವ ಹಾಡು ಹಾಕಿಸಬೇಕೆಂದು ಹಿರಿಯರನ್ನು ಕೇಳಿದ. ನನ್ನದೊಂದು ಹಾಕು ಅಂದಳು ಸುಂದರಾಬಾಯಿ. ಹುಡುಗ ಚೇಷ್ಟೆಗಲ್ಲ, ನಿಜವಾಗಿಯೇ ಗೊತ್ತಿಲ್ಲದೆ ಕೇಳಿದ: “ಮಾವಶಿ, ನೀವು ಹಾಡ್ತಿದ್ರಿ?”

ಆಕೆ ಚಪ್ಪಲಿ ಮೆಟ್ಟಿಕೊಂಡು ಸೀದಾ ರಾಜಾರಾಮನ ಅಂಗಡಿಗೆ ಬಂದು, ಜಯಂತಿಯೊಳಗೆ ನನ್ನ ದನಿ ಹೊರಗೆ ಬರಬೇಕು ಅಂದಳು. ಎಲ್ಲಿಂದ ಅಂತ ಅವನು ಕೇಳಲೇ ಇಲ್ಲ. ನೋಡೋಣು ಅಂದ. ಪಕ್ಕದ ಚಹಾದಂಗಡಿಯಲ್ಲಿ ಕೂತಿದ್ದ ನಮ್ಮೆಲ್ಲರ ಎದುರಿಗೆ ಅಂದ.

ಇಬ್ಬರೂ ಪಾಲಬಾವಿಗೆ ಹೋದರು. ಕಾಮಣ್ಣ ಸ್ಟುಡಿಯೋ ಮುಚ್ಚಿ ಎಷ್ಟೋ ಕಾಲವಾಗಿ ಮತ್ತೆ ಕುರಿ ಹಿಂಡಿಗೆ ಮರಳಿದ್ದ. ಕುರಿ ಹಾಡುವುದಿಲ್ಲ, ಆದರೆ ಮಾರಾಟವಾಗುತ್ತದೆ ಅಂದ. ಸುಂದರಾಬಾಯಿಯ ಹಾಡು ಇದ್ದೇ ಇದೆಯೆಂದು ಖುಷಿಯಿಂದ ಹೇಳಿ, ದೇವರ ಮಾಡದಿಂದ ಒಂದು ಪೆಟ್ಟಿಗೆ ಇಳಿಸಿದ. ಇಟ್ಟಂಗಿಯಷ್ಟು ದಪ್ಪ, ಮುಂದೆ ಒಂದು ಸಣ್ಣ ಬಾಯಿ. ಅದರ ಜೊತೆ ಬೆಂಕಿಪೆಟ್ಟಿಗೆಗಿಂತ ತುಸು ದೊಡ್ಡದಾದ ಒಂದು ಟೇಪು. ಆ ಕಾಲದಲ್ಲಿ ಕಂಪ್ಯೂಟರಿನ ಹೊಟ್ಟೆ ಸಣ್ಣದು. ಒಂದು ಕ್ಯಾಸೆಟ್ಟಿನ ಕೆಲಸ ಮುಗಿದರೆ ಅದನ್ನೆಲ್ಲ ಈ ಟೇಪಿಗೆ ಇಳಿಸಿ ಹೊಟ್ಟೆ ಖಾಲಿ ಮಾಡಬೇಕಿತ್ತು. ಪುಣೆಯ ಗುಜರಿಯಲ್ಲಿ ತಂದ ಪೆಟ್ಟಿಗೆ. ಅದರ ಕಂಪ್ಯೂಟರು ಏನಾಯಿತೋ ಕಾಮಣ್ಣನಿಗೆ ನೆನಪಿರಲಿಲ್ಲ. ಪೆಟ್ಟಿಗೆ ಸಿಕ್ಕ ಮೇಲೆ ಕಂಪ್ಯೂಟರಿಗೇನು ಬರ, ಅಂದ ರಾಜಾರಾಮ.

ಬರ ಅಲ್ಲೇ ಇತ್ತು. ಪೆಟ್ಟಿಗೆಯ ಕೇಬಲ್ಲಿನ ತುದಿ ಅಗಲವಾಗಿ, ಇಪ್ಪತ್ತೈದು ಪಿನ್ನು ಹೊತ್ತು ಬಾಚಣಿಕೆಯ ಹಾಗಿತ್ತು. ಈಗಿನ ಕಂಪ್ಯೂಟರಿನಲ್ಲಿ ಇರುವುದು ಚಪ್ಪಟೆಯ ಯುಎಸ್‌ಬಿ ತೂತು ಮಾತ್ರ. ಈ ನಮೂನೆಯ ಕೇಬಲ್ಲಿಗೆ ಇಂಗ್ಲಿಷಿನಲ್ಲಿ ಸ್ಕಜಿ ಅನ್ನುತ್ತಾರಂತೆ. ರಾಜಾರಾಮ ಮೊದಲ ದಿನದಿಂದಲೇ ಅದನ್ನು ಕಜ್ಜಿ ಅಂತ ಕರೆದ, ಯಾರೂ ತಿದ್ದಲಿಲ್ಲ.

ಅವನು ತನ್ನ ರಾಶಿ ಕೆದಕಿ ಒಂದು ವೈರು ತೆಗೆದ. ಒಂದು ತುದಿಗೆ ಯುಎಸ್‌ಬಿ, ಇನ್ನೊಂದು ತುದಿಗೆ ಇಪ್ಪತ್ತೈದು ತೂತು. ಎರಡೂ ಕಡೆ ಹೇಳಿ ಮಾಡಿಸಿದ ಹಾಗೆ ಕೂತಿತು. ಕಂಪ್ಯೂಟರು ಟಿಂಗ್ ಅಂದು ಹೊಸ ಪ್ರಿಂಟರು ಬಂದಿದೆ ಅಂತ ತೆರೆಯ ಮೇಲೆ ಸಾರಿತು. ಆ ವೈರು ಇದ್ದದ್ದೇ ಹಳೇ ಪ್ರಿಂಟರು ಜೋಡಿಸಲು. ಅದರ ಇನ್ನೊಂದು ತುದಿಗೆ ಎತ್ತು ಕಟ್ಟಿದರೂ ಅದು ಪ್ರಿಂಟರೇ ಅನ್ನುತ್ತಿತ್ತು. ರಾಜಾರಾಮನಿಗೆ ಇದು ಅರ್ಧ ಗೆಲುವಾಗಿ ಕಂಡಿತು. ಕಂಪ್ಯೂಟರಿಗೆ ಪೆಟ್ಟಿಗೆಯ ಹೆಸರು ಗೊತ್ತಿಲ್ಲದಿರಬಹುದು, ಸಂಬಂಧವಂತೂ ಬೆಳೆಯಿತಲ್ಲ. ಪರೀಕ್ಷೆಗೆಂದು ಒಂದು ಹಾಳೆ ಪ್ರಿಂಟ್ ಕೊಟ್ಟು, ಪೆಟ್ಟಿಗೆಯ ಬಾಯಿಯ ಎದುರು ಬಹಳ ಹೊತ್ತು ಕೂತ.

ರವಿವಾರ ಸುಂದರಾಬಾಯಿಯ ಮಗಳು ಪ್ರಾಜಕ್ತಾ ಬಂದಳು. ಚಿಕ್ಕೋಡಿಯ ಬ್ಯಾಂಕೊಂದರಲ್ಲಿ ಕೆಲಸ. ಮೊಬೈಲಿನಲ್ಲಿ ಒಂದಿಷ್ಟು ಓದಿ, ಪ್ರಿಂಟರಿನ ತೂತೂ ಕಜ್ಜಿಯ ಪಿನ್ನೂ ನೋಡಲು ಒಂದೇ ಇದ್ದರೂ ಒಳಗಿನ ವ್ಯವಹಾರ ಪೂರಾ ಬೇರೆ, ಇವನ್ನು ಕೂಡಿಸಿದರೆ ಸುಡುತ್ತದೆ ಅಂತ ತಿಳಿಸಿ ಹೇಳಿದಳು.

“ಪಿನ್ನು ಕುಂತೇತಲ್ಲವಾ. ಕುಂತ ಮ್ಯಾಲ ಕೂಡಿದಂಗಽ,” ಅಂದ ರಾಜಾರಾಮ.

“ಮಾಮಾ, ಕೊಗನೊಳ್ಳಿ ನಾಕಾದಾಗ ಎರಡೂ ಕಡೀ ರಸ್ತಾ ಕೂಡೇತಿ. ಕಾಯ್ದೆ ಕೂಡೇತೇನ್ರಿ?”

ನಮಗೆಲ್ಲ ಈ ಮಾತು ಬಹಳ ಸೇರಿತು. ಎರಡು ರಾಜ್ಯ ಕೂಡುವ ಆ ಗಡಿಯ ಮೇಲೆ ಇಷ್ಟು ವರ್ಷ ಜಗಳಾಡಿದವರು ಯಾರೂ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ರಾಜಾರಾಮನೂ ತಲೆಯಾಡಿಸಿದ. ಅವಳು ಬಸ್ಸು ಹತ್ತಿದ ಮೇಲೆ, ರಾಶಿಯೊಳಗಿನ ಒಂದು ಮುದಿ ಕಂಪ್ಯೂಟರು ಎಳೆದು, ಅದರ ಬೆನ್ನಿಗಿದ್ದ ಪ್ರಿಂಟರಿನ ತೂತಿಗೇ ಕಜ್ಜಿಯ ಪಿನ್ನು ತುರುಕಿದ. ಬೆಲ್ಲ ಹೊತ್ತಿದ ವಾಸನೆ ಬಂತು. ಆ ತೂತು ಅಲ್ಲಿಗೆ ಸತ್ತಿತು. ಚಹಾದಂಗಡಿಯವನು ಇಣುಕಿ, ಹಾಡು ಬೇಯಾಕ ಹತ್ತೇತೇನ್ರಿ ಅಂತ ಕೇಳಿದ.

ಪೆಟ್ಟಿಗೆ ಸುಡಲಿಲ್ಲ. ಸುಟ್ಟಿದ್ದರೆ ಸುಂದರಾಬಾಯಿ ಇವನನ್ನೂ ಸುಡುತ್ತಿದ್ದಳು. ಆಕೆ ಬಂದು ಸುಟ್ಟ ತೂತನ್ನು ನೋಡಿ, ಮುಷ್ಕರದಲ್ಲಿ ನಿನ್ನ ಮೈಕು ನಂಬಿ ನಾವು ಎಷ್ಟು ಮಂದಿ ಸುಮ್ಮನೆ ಚೀರಿದೆವೋ ಅಂದಳು. ಜಯಂತಿಗೆ ಇನ್ನೂ ದಿನಗಳಿದ್ದವು, ಆದರೆ ಲಖನ ಡಿಜೆಯವನಿಗೆ ಹಾಡುಗಳ ಹೆಸರು ಆಗಲೇ ಕಳಿಸಿಬಿಟ್ಟಿದ್ದ. ಅದರಲ್ಲಿ ಆಕೆಯದಿರಲಿಲ್ಲ.

ಈಗ ಬೇಕಾದದ್ದು ಪೆಟ್ಟಿಗೆಯ ಭಾಷೆ ಬಲ್ಲ, ಕಂಪ್ಯೂಟರಿನ ಒಳಗೆ ಕೂರಿಸುವ ಹಳೆಯ ಕಾರ್ಡು. ಪ್ರಾಜಕ್ತಾ ಫೋನು ಮಾಡಿ ಕಾಮಣ್ಣನನ್ನು ಹಿಡಿದು ಅಲ್ಲಾಡಿಸಿದಳು. ಆಗ ಅವನಿಗೆ ನೆನಪಾಯಿತು: ಹಳೇ ಕಂಪ್ಯೂಟರಿನ ಡಬ್ಬಿಯನ್ನು ಮುಗಳಖೋಡದಲ್ಲಿರುವ ತನ್ನ ಅಕ್ಕ ಸತ್ತೆವ್ವ ಒಯ್ದಿದ್ದಾಳೆ. ರಾಜಾರಾಮನೂ ಸುಂದರಾಬಾಯಿಯೂ ಹೋಗಿ ನೋಡಿದರೆ ಡಬ್ಬಿ ಹಿತ್ತಲಲ್ಲಿತ್ತು, ಅದರೊಳಗೆ ಕೋಳಿ ಕಾವಿಗೆ ಕೂತಿತ್ತು. ಕೋಳಿ ಏಳುವ ತನಕ ಮುಟ್ಟಬಾರದು ಅಂತ ಸತ್ತೆವ್ವ ಖಡಾಖಂಡಿತ ಹೇಳಿದಳು. ನಿಮ್ಮ ಹಾಡಿಗೆ ಮರಿ ಆಗೂದಿಲ್ಲ, ನನ್ನ ತತ್ತಿಗೆ ಆಗತಾವ ಅನ್ನುವುದು ಆಕೆಯ ವಾದ. ತಪ್ಪೇನಿರಲಿಲ್ಲ. ಸುಂದರಾಬಾಯಿ ಹುಲ್ಲು, ತತ್ತಿ, ಕೋಳಿ ಮೂರನ್ನೂ ಒಂದು ಬುಟ್ಟಿಗೆ ತಾನೇ ವರ್ಗಾಯಿಸಿ, ಕೋಳಿ ಒಪ್ಪುವ ತನಕ ಪಕ್ಕದಲ್ಲಿ ಕೂತಳು. ಹಿಕ್ಕೆಯ ಕೆಳಗಿನಿಂದ ರಾಜಾರಾಮ ಕಾರ್ಡು ಎತ್ತಿದ.

ಸುಟ್ಟ ತೂತಿನ ಅದೇ ಮುದಿ ಕಂಪ್ಯೂಟರಿನ ಹೊಟ್ಟೆಯಲ್ಲಿ ಆ ಕಾರ್ಡಿಗೆ ಜಾಗವಿತ್ತು. ಈಗ ಪಿನ್ನೂ ಕೂತಿತು, ಭಾಷೆಯೂ ಕೂಡಿತು. ಕಂಪ್ಯೂಟರು ಚಾಲೂ ಮಾಡಿದರೆ ತೆರೆಯ ಮೇಲೆ ಒಂದಲ್ಲ, ಏಳು ಟೇಪಿನ ಪೆಟ್ಟಿಗೆಗಳು ಸಾಲಾಗಿ ಬಂದವು. ರಾಜಾರಾಮ ಹಿಗ್ಗಿದ. ನಾವು ಹಿಗ್ಗಲಿಲ್ಲ. ಒಬ್ಬನೇ ಮನುಷ್ಯ ಏಳು ಸಮಿತಿಗಳಲ್ಲಿ ಹೆಸರು ಬರೆಸಿ ಒಂದರಲ್ಲೂ ಕೆಲಸ ಮಾಡದ್ದನ್ನು ಚಳವಳಿಯಲ್ಲಿ ಕಣ್ಣಾರೆ ಕಂಡವರು ನಾವು. ಪೆಟ್ಟಿಗೆಯೂ ಹಾಗೇ. ಏಳರಲ್ಲಿ ಯಾವುದನ್ನು ಒತ್ತಿದರೂ ಜವಾಬಿಲ್ಲ.

ಮತ್ತೊಂದು ರವಿವಾರ ಬಂದ ಪ್ರಾಜಕ್ತಾ ಪೆಟ್ಟಿಗೆಯ ಹಿಂದೆ ನೋಡಿದಳು. ಅಲ್ಲೊಂದು ಸಣ್ಣ ಅಂಕಿಯ ಗುಂಡಿ, ಸೊನ್ನೆಯಿಂದ ಏಳರವರೆಗೆ. ಅದು ಪೆಟ್ಟಿಗೆಯ ಮನೆ ನಂಬರು ಇದ್ದ ಹಾಗೆ. ಏಳು ಅಂದರೆ ಕಾರ್ಡಿನ ಸ್ವಂತ ನಂಬರು. ಪೆಟ್ಟಿಗೆಗೂ ಅದನ್ನೇ ಕೊಟ್ಟರೆ ಇಬ್ಬರೂ ಒಂದೇ ಮನೆಗೆ ನುಗ್ಗಿ ಗದ್ದಲವಾಗುತ್ತದೆ. ಯಾರು ಇದನ್ನು ಏಳಕ್ಕೆ ತಿರುಗಿಸಿದ್ದು ಅಂತ ಕೇಳಿದಳು. ರಾಜಾರಾಮ ತಾನೇ ಅಂತ ಎದೆ ತಟ್ಟಿಕೊಂಡ. ಜೀವನವಿಡೀ ಮೈಕಿನ ಗುಂಡಿ ತಿರುಗಿಸಿದವನು. ಗುಂಡಿ ಕಂಡರೆ ಕೊನೆಯ ತನಕ ಏರಿಸುವುದು, ದನಿ ದೂರ ಹೋಗಲಿ ಅಂತ. ಅವಳು ಅದನ್ನು ನಾಲ್ಕಕ್ಕೆ ತಂದಳು. ಏಳು ಪೆಟ್ಟಿಗೆ ಹೋಗಿ ಒಂದಾಯಿತು.

ಟೇಪು ಹಾಕಿದರು. ಪೆಟ್ಟಿಗೆ ಅದನ್ನು ನುಂಗಿ, ಕುಂಯ್ ಅಂದು, ಕೆಮ್ಮಿದ ಹಾಗೆ ಮಾಡಿ ಹೊರಗೆ ಉಗಿಯಿತು. ಜೊತೆಗೆ ಒಂದಿಷ್ಟು ಹಳದಿ ಪುಡಿ ಬಂತು. ರಾಜಾರಾಮ ಬೆರಳಿಗೆ ಹಚ್ಚಿ ಮೂಸಿದ. ಅರಿಶಿನ. ಬೀರದೇವರ ಭಂಡಾರ.

ಕಾಮಣ್ಣನಿಗೆ ಫೋನು ಹೋಯಿತು. ಅವನು ಮುಚ್ಚಿಡಲಿಲ್ಲ, ಮುಚ್ಚಿಡುವಂಥದ್ದು ಅಂತ ಅವನಿಗೆ ಅನ್ನಿಸಿಯೂ ಇರಲಿಲ್ಲ. ಖಂಡೇನವಮಿಗೆ ಕುರಿಯ ಉಣ್ಣೆ ಕತ್ತರಿಸುವ ಕತ್ತರಿ, ಕೊಡಲಿ, ಡೊಳ್ಳು, ಎಲ್ಲಕ್ಕೂ ಭಂಡಾರ ಹಾರಿಸುತ್ತಾರೆ. ಅನ್ನ ಕೊಟ್ಟ ಪೆಟ್ಟಿಗೆಗೆ ಹಾರಿಸದಿದ್ದರೆ ಹೇಗೆ. ಸ್ಟುಡಿಯೋ ಮುಚ್ಚಿದ ಮೇಲೂ ಒಂದು ವರ್ಷ ತಪ್ಪಿಸಿಲ್ಲ.

“ಮ್ಯಾಲ ಹಾರಿಸಿದ್ರ ಸಾಕಿತ್ತಲ್ಲೋ ಮಾರಾಯಾ, ಒಳಗ ಯಾಕ ಹಾಕಿದಿ?” ಅಂತ ಕೇಳಿದ ರಾಜಾರಾಮ.

“ಬಾಯಿ ಐತಲ್ರಿ ಅದಕ್ಕ,” ಅಂದ ಕಾಮಣ್ಣ. “ಬಾಯಿ ಇದ್ದದ್ದಕ್ಕ ಬಾಯಾಗಽ ಹಾಕಬೇಕು.”

ಸುಂದರಾಬಾಯಿ ಬೌದ್ಧಳು, ಪೂಜೆಗೀಜೆ ಬಿಟ್ಟು ಒಂದು ತಲೆಮಾರಾಯಿತು. ಆದರೂ ಕಾಮಣ್ಣನಿಗೆ ಬೈಯಲಿಲ್ಲ. ನನ್ನ ದನಿಗೆ ಅರಿಶಿನ ಹಚ್ಚಿ ಇಟ್ಟಿದ್ದ, ಔಷಧ ಅಂತ ತಿಳ್ಕೊಂಡಿದ್ನೋ ಏನೋ ಅಂದಳು.

ರಾಜಾರಾಮ ಪೆಟ್ಟಿಗೆ ಬಿಚ್ಚಿ, ಸ್ಪಿರಿಟ್ಟು ಹಚ್ಚಿದ ಹಳೇ ಧೋತರದ ಚೂರಿನಿಂದ ಒಳಗೆ ಟೇಪು ಓದುವ ತಲೆ ಒರೆಸಿದ. ಈ ಕೆಲಸ ಅವನಿಗೆ ಬರುತ್ತಿತ್ತು. ಕ್ಯಾಸೆಟ್ಟಿನ ಕಾಲದಲ್ಲಿ ಊರಿನ ಟೇಪ್ ರೆಕಾರ್ಡರುಗಳ ಮೂಗು ಒರೆಸಿದ್ದೇ ಅವನು. ಆದರೆ ಮೊದಲ ಸಲ ಉಗಿದಾಗಲೇ ಪೆಟ್ಟಿಗೆ ಟೇಪಿನ ಒಂದು ಜಾಗ ಜಗಿದು ಸೀರೆಯ ನೆರಿಗೆ ಮಾಡಿಬಿಟ್ಟಿತ್ತು. ಟೇಪಿನ ಸ್ವಭಾವ ನಮ್ಮ ಮೆರವಣಿಗೆಯದೇ. ಹಿಂದಿನವರು ಮುಂದಿನವರನ್ನು ದಾಟಿ ಬರುವಂತಿಲ್ಲ, ಎಲ್ಲ ಸಾಲಿನಲ್ಲೇ ಬರಬೇಕು. ಸಾಲಿನ ಮುಂದೆ ಇದ್ದದ್ದು ಮೊದಲ ದಿನದ ಹಸಿ ರೆಕಾರ್ಡಿಂಗು. ತಿದ್ದಿ, ತಬಲಾ, ಹಾರ್ಮೋನಿಯಂ ಪೇಟಿ ಕೂಡಿಸಿ ಪೂರಾ ಮಾಡಿದ ಹಾಡು ಇದ್ದದ್ದು ನೆರಿಗೆಯ ಆಚೆ. ಪೆಟ್ಟಿಗೆ ನೆರಿಗೆಯ ತನಕ ಓದಿತು. ಅಲ್ಲಿಗೆ ಬಂದು ಟೇಪು ತುಂಡಾಯಿತು.

ಬಂದಷ್ಟನ್ನು ಪ್ರಾಜಕ್ತಾ ತನ್ನ ಮೊಬೈಲಿಗೆ ಹಾಕಿಕೊಂಡು ಅಂಗಡಿಯಲ್ಲೇ ಕೇಳಿಸಿದಳು. ಮೊದಲು ಮೈಕು ತಟ್ಟುವ ಸದ್ದು. ಆಮೇಲೆ ಒಂದು ಕುರಿಮರಿ ಬ್ಯಾ ಅಂದಿತು. ಅದರ ಮೇಲೆ ಒಂದು ದನಿ, ಕಂಚಿನ ಬಟ್ಟಲು ಬಾರಿಸಿದ ಹಾಗೆ: “ಕಾಮಣ್ಣಾ, ಮೊದಲ ಆ ಕುರಿ ಹೊರಗ ಹಾಕ್ರಿ, ಆಮ್ಯಾಲ ಹಾಡ್ತೀನಿ. ಇದು ಸ್ಟುಡಿಯೋ ಏನು ದೊಡ್ಡಿ?” ಯಾರೋ ನಕ್ಕರು. ಬಾಗಿಲು ಕಿರುಗುಟ್ಟಿತು. ಬಳಿಕ ದನಿ ಮೇಲೇರಿ ಹಾಡು ಹಿಡಿಯಿತು: “ಕೊಡಾ ತುಂಬಿ ಬಂದೆನವ್ವಾ, ಯಾರನೂ—” ಅಷ್ಟೇ. ಮುಂದೆ ಏನಿಲ್ಲ.

ಸುಂದರಾಬಾಯಿ ಮತ್ತೊಮ್ಮೆ ಹಾಕಿಸಿದಳು. ಕೇಳಿ, ಶ್ರುತಿ ಸ್ವಲ್ಪ ಕೆಳಗೈತಿ, ಕುರಿಯದು ಬರೋಬರಿ ಐತಿ ಅಂದಳು.

ಲಖನನನ್ನು ಕರೆಸಿದರು. ಹುಡುಗ ಮರ್ಯಾದೆಯಿಂದ ಕೇಳಿದ. ಆದರೆ ಡಿಜೆಗೆ ಅರ್ಧ ಸಾಲಿನಿಂದ ಏನಾಗುತ್ತದೆ, ಪೋರರು ಕುಣಿಯಲು ಕಾಲೆತ್ತುವುದರೊಳಗೆ ಮುಗಿಯುತ್ತದಲ್ಲ ಅಂದ. ರಾಜಾರಾಮನಿಗೆ ಆಗ ಒಂದು ಹುಕಿ ಬಂತು. ಅಥಣಿಯಲ್ಲಿ ಆರ್ಕೆಸ್ಟ್ರಾದಲ್ಲಿ ಹಾಡುವ ಸೋನಾಲಿ ಅಂತ ಹುಡುಗಿ ಇದ್ದಾಳೆ, ಉಳಿದದ್ದನ್ನು ಆಕೆಯಿಂದ ಹಾಡಿಸಿ ಇದಕ್ಕೆ ಕೂಡಿಸಿ ಕೊಡುತ್ತೇನೆ, ಎಲ್ಲಿ ಕೂಡಿಸಿದ್ದು ಅಂತ ಯಾರಿಗೂ ಗೊತ್ತಾಗದ ಹಾಗೆ ಕೊಡುತ್ತೇನೆ ಅಂದ.

“ಇನ್ನೊಬ್ಬಾಕಿ ಗಂಟಲ ತಂದು ನನ್ನ ಕೊಳ್ಳಿಗೆ ಕಟ್ಟಬ್ಯಾಡ ರಾಜಾ,” ಅಂದಳು ಸುಂದರಾಬಾಯಿ. “ಎಷ್ಟು ಬಂದೇತಿ ಅಷ್ಟ ಹಾಕ್ರಿ. ಕುರಿ ಸಹಿತ.”

ಮಂಡಳದಲ್ಲಿ ಗುಸುಗುಸು ಆಯಿತು. ಬಾಬಾಸಾಹೇಬರ ಮೆರವಣಿಗೆಯಲ್ಲಿ ಕುರಿ ಏನು ಅಂತ ಕೆಲವರು ತಕರಾರು ತೆಗೆದರು. ಲಖನ ಕೊನೆಗೆ ಓಣಿಯೊಳಗೆ ಮಾತ್ರ, ಡಿಜೆ ಶುರುವಾಗುವ ಮುಂಚೆ, ಒಂದೇ ಸಲ ಅಂತ ಒಪ್ಪಿದ. ಚಳವಳಿಯಲ್ಲಿ ನಾವು ಗೆದ್ದ ಬೇಡಿಕೆಗಳೆಲ್ಲ ಸುಮಾರು ಇದೇ ಅಳತೆಯವು.

ಜಯಂತಿಯ ದಿನ ಬಾವುಟಗಳಿಂದ ಓಣಿ ನೀಲಿಯಾಗಿತ್ತು. ಡಿಜೆಯ ಗಾಡಿ ಮನೆಯಷ್ಟೆತ್ತರ ಸ್ಪೀಕರಿನ ಪೆಟ್ಟಿಗೆ ಹೊತ್ತು ನಿಂತಿತ್ತು. ರಾಜಾರಾಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಡಿಜೆಯ ಹುಡುಗರನ್ನು ಸರಿಸಿ, ಪ್ರಾಜಕ್ತಾಳ ಮೊಬೈಲಿನ ಪಿನ್ನನ್ನು ತಾನೇ ಸಿಕ್ಕಿಸಿದ. ಅಷ್ಟು ದೊಡ್ಡ ಪೆಟ್ಟಿಗೆಯಲ್ಲಿ ಕುರಿಮರಿ ಬ್ಯಾ ಅಂದಾಗ ಇಡೀ ಓಣಿ ತಿರುಗಿ ನೋಡಿತು. ‘ಕುರಿ ಹೊರಗ ಹಾಕ್ರಿ’ ಅನ್ನುವುದು ಕೇಳಿ ಕಟ್ಟೆಯ ಮೇಲಿನ ಮುದುಕಿಯರು ಸೆರಗು ಬಾಯಿಗಿಟ್ಟು ನಕ್ಕರು. ವಖಾರಿಯಲ್ಲಿ ಒಟ್ಟಿಗೆ ದುಡಿದವರಿಗೆ ಆ ದನಿ ಯಾರದೆಂದು ಯಾರೂ ಹೇಳಬೇಕಾಗಿರಲಿಲ್ಲ. ‘ಕೊಡಾ ತುಂಬಿ ಬಂದೆನವ್ವಾ, ಯಾರನೂ’ ಅಂದು ಗಪ್ಪಾಯಿತು.

ಮೈಕು ಹೋಯಿತು ಅಂದುಕೊಂಡರು ಮಂದಿ. ಎಲ್ಲರಿಗಿಂತ ಮೊದಲು ಹಾಗಂದುಕೊಂಡವನು ರಾಜಾರಾಮ. ಸಾಲು ಅಲ್ಲಿಗೇ ಮುಗಿಯುತ್ತದೆಂದು ಗೊತ್ತಿದ್ದ ಮನುಷ್ಯ, ಅಭ್ಯಾಸಬಲದಿಂದ ಬಗ್ಗಿ ಪಿನ್ನು ಅಲ್ಲಾಡಿಸತೊಡಗಿದ. ಅವನು ಬಗ್ಗಿದ್ದಾಗ ಸುಂದರಾಬಾಯಿ ಗಾಡಿಯ ಮೇಲಿದ್ದ ಮೈಕು ಎತ್ತಿಕೊಂಡಳು. ಹಾಡಲು ಹೋಗಲಿಲ್ಲ. ಆ ಮರಳಿನ ಗಂಟಲಿನಲ್ಲೇ, ಸಂತೆಯಲ್ಲಿ ಯಾರನ್ನೋ ತರಾಟೆಗೆ ತೆಗೆದುಕೊಂಡ ಹಾಗೆ, ಉಳಿದದ್ದನ್ನು ಹೇಳಿದಳು. ಯಾರನೂ ಕೇಳದೆ. ಬಾವಿಗೆ ಯಾರ ಅಪ್ಪನ ಹೆಸರೂ ಕೆತ್ತಿಲ್ಲ. ನೀರಿಗೆ ನನ್ನ ಗುರುತೈತಿ. ಒಂದೊಂದು ಸಾಲೂ ಹೀಗೇ ಕೊನೆಯವರೆಗೆ ಬಂತು. ರಾಗವಿಲ್ಲ, ತಾಳವಿಲ್ಲ. ಮುಗಿದಾಗ ಚಪ್ಪಾಳೆಯೂ ಸ್ವಲ್ಪ ತಡವಾಗಿಯೇ ಬಂತು, ಮುಗಿದದ್ದು ಹೌದೋ ಅಲ್ಲವೋ ಯಾರಿಗೂ ಗೊತ್ತಾಗಲಿಲ್ಲವಲ್ಲ.

ರಾಜಾರಾಮ ಎದ್ದು ನಿಂತು, ಬಂತು ನೋಡ್ರಿ, ಪಿನ್ನು ಸಡಿಲಾಗಿತ್ತು ಅಂದ. ಇವತ್ತಿಗೂ ಚಹಾದಂಗಡಿಯಲ್ಲಿ ಹಾಗೇ ಹೇಳುತ್ತಾನೆ, ಯಾರೂ ತಿದ್ದುವುದಿಲ್ಲ.

ಆಮೇಲೆ ಡಿಜೆ ಶುರುವಾಗಿ ಯಾರ ಮಾತೂ ಯಾರಿಗೂ ಕೇಳಿಸದಂತಾಯಿತು. ಆ ಗದ್ದಲದಲ್ಲೇ ಲಖನ ಸುಂದರಾಬಾಯಿಯ ಕಿವಿಯ ಹತ್ತಿರ ಬಂದು, ಮಾವಶಿ, ಆ ಸಾಲುಗಳನ್ನು ಇನ್ನೊಮ್ಮೆ ಹೇಳ್ರಿ, ಮೊಬೈಲಿನಾಗ ತುಂಬಿಕೊಳ್ತೀನಿ ಅಂತ ಕೂಗಿ ಕೇಳಿದ.

“ನಾಳೆ ಮನೀಗೆ ಬಾ,” ಅಂದಳು ಆಕೆ. “ಇವತ್ತು ಗಂಟಲ ಮುಗೀತು.”